ಅಂಚೆಯ ಪಾಠದಿಂದ ಆನ್‌ಲೈನ್ ಪಾಠಕ್ಕೆ

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

2020ರ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ಮಾರ್ಚ್‌ನಲ್ಲೇ ಕಾಲೇಜು ಮುಚ್ಚಿತ್ತು. ಪಾಠವೆಲ್ಲ ಮೊಬೈಲಿನಲ್ಲಿ. ನಾನಾಗ ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಅಕೌಂಟೆನ್ಸಿ ಹೇಳುತ್ತಿದ್ದೆ. ಹಾಜರಿ ಪುಸ್ತಕದಲ್ಲಿ 62 ಹೆಸರು. ಪರದೆಯ ಮೇಲೆ ಬರುತ್ತಿದ್ದವರು ಇಪ್ಪತ್ತು, ಕೆಲವು ದಿನ ಎಂಟು. "ಅರ್ಥ ಆಯ್ತಾ?" ಎಂದು ಕೇಳಿದರೆ ಒಬ್ಬರೂ ಮಾತಾಡುತ್ತಿರಲಿಲ್ಲ. ಅರ್ಥ ಆಗಿರಬೇಕು ಎಂದುಕೊಂಡು ನಾನು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದೆ. ಅದು ನನ್ನ ತಪ್ಪು.

ಕಾಲೇಜು ತೆರೆದ ಮೇಲೆ ಒಬ್ಬ ಹುಡುಗಿ ಬಂದು ಹೇಳಿದಳು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದೂ ಅಣ್ಣನದು. ಅವನು ಕೆಲಸದಿಂದ ಬಂದ ಮೇಲೆ ಅದನ್ನು ಹಿಡಿದು ಮನೆ ಹಿಂದಿನ ಗುಡ್ಡ ಹತ್ತಬೇಕು. ಸಿಗ್ನಲ್ ಸಿಗೋದು ಅಲ್ಲೇ. ಮಳೆ, ಜಿಗಣೆ, ಕತ್ತಲು. "ಸವಕಳಿ ಲೆಕ್ಕದ (ಯಂತ್ರ ಹಳತಾದಂತೆ ಅದರ ಬೆಲೆ ಇಳಿಯುವ ಲೆಕ್ಕ) ಮೊದಲ ಕ್ಲಾಸು ತಪ್ಪಿತು ಸರ್. ಆಮೇಲೆ ಯಾವುದೂ ಹಿಡೀಲಿಲ್ಲ. ಕೇಳೋಕೆ ನಾಚಿಕೆ ಆಯ್ತು" ಎಂದಳು.

ಆನ್‌ಲೈನ್ ಶಿಕ್ಷಣ ಅಂದ ಕೂಡಲೇ ನಾವು ಟವರ್, ಕರೆಂಟು, ಡೇಟಾ ಎಂದು ಮಾತಾಡುತ್ತೇವೆ. ಅವು ದೊಡ್ಡ ತೊಂದರೆಗಳೇ, ಇಲ್ಲ ಅನ್ನುತ್ತಿಲ್ಲ. ಆದರೆ ಈ ಹುಡುಗಿಯನ್ನು ಹಿಂದೆ ಬೀಳಿಸಿದ್ದು ಟವರ್ ಮಾತ್ರ ಅಲ್ಲ. "ಯಾಕಮ್ಮಾ ಬರಲಿಲ್ಲ?" ಎಂದು ಕೇಳುವವರು ಯಾರೂ ಇರಲಿಲ್ಲ.

ದೂರದಲ್ಲಿ ಕುಳಿತವರಿಗೆ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಶುರು ಮಾಡಿತ್ತು. ಆ ಬೇರಿನಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. ನೌಕರಿ ಮಾಡುತ್ತಲೇ, ಸಂಸಾರ ನಡೆಸುತ್ತಲೇ ಹೀಗೆ ಡಿಗ್ರಿ ಪಡೆದವರು ನಿಮ್ಮ ಮನೆಗಳಲ್ಲೂ ಇರಬಹುದು. ಅಲ್ಲಿ ಪುಸ್ತಕ ಕಳಿಸಿ ಸುಮ್ನೆ ಬಿಟ್ಟುಬಿಡುತ್ತಿರಲಿಲ್ಲ. ಸಂಪರ್ಕ ತರಗತಿ ಇತ್ತು. ಅಧ್ಯಯನ ಕೇಂದ್ರ ಇತ್ತು. ಮನೆಯಲ್ಲಿ ಒಬ್ಬರೇ ಓದಿಕೊಂಡವರು ಅಲ್ಲಿ ಮೇಷ್ಟ್ರ ಮುಖ ನೋಡುತ್ತಿದ್ದರು, ತಮ್ಮ ಹಾಗೇ ಒದ್ದಾಡುತ್ತಿರುವ ಇನ್ನಷ್ಟು ಜನರನ್ನೂ ನೋಡುತ್ತಿದ್ದರು. ಅಂಚೆಯ ಕಾಲದವರಿಗೆ ಗೊತ್ತಿದ್ದ ಇದನ್ನು ನಾವು ವಿಡಿಯೊ ಸಿಕ್ಕ ಖುಷಿಯಲ್ಲಿ ಮರೆತೆವು ಅನಿಸುತ್ತದೆ.

ಈಗ ವಿಡಿಯೊಗೇನೂ ಬರ ಇಲ್ಲ. 2017ರಲ್ಲಿ ಬಂದ ಸ್ವಯಂ ಇದೆ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ. ಅಲ್ಲಿ ಪುಕ್ಕಟೆಯಾಗಿ ಕಲಿಯಬಹುದು. ಒಂದು ಸೆಮಿಸ್ಟರಿನ ಶೇ. 40ರವರೆಗೆ ಕೋರ್ಸುಗಳನ್ನು ಅದರಲ್ಲೇ ಓದಲು ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ, 2021ರಲ್ಲಿ ದಾರಿ ಮಾಡಿಕೊಟ್ಟಿದೆ. ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ ಯೋಜನೆಯಾದ ಎನ್‌ಪಿಟೆಲ್‌ನ ಪಾಠಗಳಿಗೆ ಕನ್ನಡ ಅನುವಾದವೂ ಬರುತ್ತಿದೆ. ಸ್ವಯಂ ಕೋರ್ಸಿನಲ್ಲಿ ನಾಲ್ಕು ಭಾಗ: ವಿಡಿಯೊ, ಓದುವ ಪಾಠ, ಪ್ರಶ್ನೆಗಳು, ಚರ್ಚೆಯ ಜಾಗ. ನಾನು ಸೇರಿಸಿದ ಮಕ್ಕಳು ಮೊದಲ ಮೂರನ್ನು ಹೇಗೋ ಮುಗಿಸುತ್ತಾರೆ. ನಾಲ್ಕನೆಯದರ ಕಡೆ ತಲೆ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ತಪ್ಪು ಬರೆದರೆ ಯಾರಾದರೂ ನಕ್ಕಾರು ಎಂಬ ಭಯ. ಅದಕ್ಕೇ ನಾನು ವಾಟ್ಸಾಪಿನಲ್ಲಿ ಆರಾರು ಜನರ ಗುಂಪು ಮಾಡಿದೆ. ಅರವತ್ತು ಜನರ ಗುಂಪಲ್ಲ, ಆರು ಜನರದು. ಅಲ್ಲಿ ಕನ್ನಡದಲ್ಲೇ ಕೇಳುತ್ತಾರೆ. ಬರೆಯಲು ಬೇಜಾರಾದರೆ ಮಾತಾಡಿ ಕಳಿಸುತ್ತಾರೆ. ಮೊದಲ ವಾರ ಎಲ್ಲರೂ ಗಪ್‌ಚುಪ್. ಮೂರನೇ ವಾರದ ಹೊತ್ತಿಗೆ ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು.

ಪಾಠವನ್ನೂ ಹಗುರ ಮಾಡಬಹುದು. ಹತ್ತು ನಿಮಿಷದ ಮಾತನ್ನು ಸಣ್ಣ ಆಡಿಯೊ ಮಾಡಿದರೆ ಎರಡೂವರೆ ಎಂಬಿ ಸಾಕು. ಜೊತೆಗೆ ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕದ ಒಂದು ಫೋಟೊ. ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಎಷ್ಟು ಸಲ ಬೇಕಾದರೂ ಕೇಳಬಹುದು. ಕ್ಯಾಮೆರಾ ಹಾಕಲೇಬೇಕು ಎಂದು ದಯವಿಟ್ಟು ಹಠ ಮಾಡಬೇಡಿ. ಒಂದೇ ಕೋಣೆಯ ಮನೆಯಲ್ಲಿ ಕುಳಿತ ಮಗುವಿಗೆ ಅದರಿಂದ ಎಷ್ಟು ಸಂಕೋಚ ಆಗುತ್ತದೆ, ಅಲ್ವಾ?

ಪರೀಕ್ಷೆಯಲ್ಲಿ ನಕಲು ಮಾಡುತ್ತಾರೆ ಎಂಬ ದೂರಿದೆ. ನಿಜ. ಪ್ರಶ್ನೆ ಬದಲಿಸಿ. "ಸವಕಳಿ ಎಂದರೇನು?" ಎಂದರೆ ಉತ್ತರ ಫೋನಿನಲ್ಲೇ ಇದೆ. "ನಿಮ್ಮೂರಿನ ಹಿಟ್ಟಿನ ಗಿರಣಿಗೆ ಹೋಗಿ, ಯಂತ್ರದ ಬೆಲೆ ಕೇಳಿ, ಐದು ವರ್ಷದ ಸವಕಳಿ ಲೆಕ್ಕ ಹಾಕಿ ತನ್ನಿ" ಎಂದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದಲಿಲ್ಲ. ಐದು ನಿಮಿಷ ಫೋನಿನಲ್ಲಿ ಕೇಳಿದರೆ ಯಾರು ಮಾಡಿದ್ದಾರೆ ಎಂಬುದೂ ತಿಳಿಯಿತು.

ಇದಕ್ಕೆಲ್ಲ ಸಮಯ ಬೇಕು. ಇಲ್ಲಿ ಪ್ರಾಂಶುಪಾಲರೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಎಂದು ಯುಜಿಸಿ ನಿಯಮ ಹೇಳುತ್ತದೆ. ಆನ್‌ಲೈನ್ ಕೋರ್ಸು ನಡೆಸುವವರಿಗೆ ಅದರಲ್ಲಿ ಎರಡು ಗಂಟೆಯನ್ನು ಮಕ್ಕಳಿಗೆ ಫೋನ್ ಮಾಡಲೆಂದೇ ಬಿಟ್ಟುಕೊಡಿ. ವೇಳಾಪಟ್ಟಿಯಲ್ಲೇ ಬರೆಯಿರಿ. ಮೊದಲ ಫೋನು ಎರಡು ವಾರದಿಂದ ಕಾಣದ ಮಗುವಿನ ಮನೆಗೆ ಹೋಗಲಿ.