ಗಡಿಯಾರ ಶುರುವಾಗೋದು ಯಾವಾಗ?

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಅರ್ಧ ಜನ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ದುಡಿಯುವವರು, ಉಳಿದರ್ಧ ಅದರ ತುರ್ತು ವಿಭಾಗದ (ಎ ಅಂಡ್ ಇ) ಕುರ್ಚಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡವರು. ಹಾಗಾಗಿ ಪೀಠಿಕೆ ಬೇಡ.

ನಮ್ಮ ಪಕ್ಕದ ಮನೆ ಅಜ್ಜಿಯ ಕಥೆ ಹೇಳುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. 84 ವರ್ಷ, ಒಂಟಿ. ಅಡುಗೆಮನೆಯಲ್ಲಿ ಜಾರಿ ಬಿದ್ದರು. ನಾನೇ ಆಂಬುಲೆನ್ಸಿಗೆ ಅಂತ 999ಕ್ಕೆ ಫೋನ್ ಮಾಡಿದೆ. ಅಲ್ಲಾಡಿಸಬೇಡಿ ಅಂದರು. ತಣ್ಣನೆ ಟೈಲ್ಸ್ ಮೇಲೆ ಮಲಗಿದ್ದವರಿಗೆ ನನ್ನ ಕೋಟು ಹೊದಿಸಿ ಪಕ್ಕದಲ್ಲೇ ಕೂತೆ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಫ್ರಿಜ್ ಕೆಳಗೆ ಹೋಗಿತ್ತು. ಅವರಿಗೆ ನೋವಿಗಿಂತ ಆ ಚಪ್ಪಲಿಯದ್ದೇ ಚಿಂತೆ, ನಾಲ್ಕು ಸಲ ಕೇಳಿದರು! ಆಂಬುಲೆನ್ಸ್ ಬಂದಿದ್ದು ಐದು ಗಂಟೆ ಕಳೆದ ಮೇಲೆ. ಹೋಗಿ ನೋಡಿದರೆ ಆಸ್ಪತ್ರೆ ಮುಂದೆ ಎಂಟು ಗಾಡಿ ಸಾಲು ನಿಂತಿದ್ದವು, ನಮ್ಮದು ಒಂಬತ್ತನೆಯದು. ಆಮೇಲೆ ಕಾರಿಡಾರಿನ ಟ್ರಾಲಿ ಮೇಲೆ ಇಡೀ ರಾತ್ರಿ, ಮರುದಿನ ಮಧ್ಯಾಹ್ನದವರೆಗೂ.

ತಮಾಷೆ ಏನು ಗೊತ್ತಾ? '12 ಗಂಟೆ ಟ್ರಾಲಿ ಮೇಲೆ ಕಾದವರು' ಅನ್ನೋ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಇಲ್ಲ. ಆ ಗಡಿಯಾರ ಶುರುವಾಗೋದು ಬಾಗಿಲು ದಾಟಿದಾಗ ಅಲ್ಲ, ಡಾಕ್ಟರ್ 'ಅಡ್ಮಿಟ್ ಮಾಡೋಣ' ಅಂದಾಗ. ಅಜ್ಜಿಗೆ ಹಾಗಂದಿದ್ದು ಬೆಳಿಗ್ಗೆ. ಬಂದ ಹೊತ್ತಿನಿಂದ ಎಣಿಸಿದ ಲೆಕ್ಕವನ್ನು ತಿಂಗಳು ತಿಂಗಳು ಹೊರಗೆ ಹಾಕಲು 2023 ಬರಬೇಕಾಯಿತು.

ಇನ್ನು ನಾಲ್ಕು ಗಂಟೆಯ ಗುರಿ, ಅಂದರೆ ಎ ಅಂಡ್ ಇಗೆ ಬಂದವರಲ್ಲಿ ನೂರಕ್ಕೆ ಎಷ್ಟು ಜನರನ್ನು ನಾಲ್ಕು ಗಂಟೆಯೊಳಗೆ ನೋಡಿ ಅಡ್ಮಿಟ್ ಮಾಡಬೇಕು ಇಲ್ಲವೇ ಕಳಿಸಬೇಕು ಅನ್ನೋದು. 2004ರಲ್ಲಿ ಶೇ. 98 ಇತ್ತು, 2010ರಲ್ಲಿ 95ಕ್ಕೆ ಇಳಿಸಿದರು. ಇಂಗ್ಲೆಂಡ್ ಅದನ್ನು ಕೊನೆಯ ಸಲ ಮುಟ್ಟಿದ್ದು 2015ರ ಜುಲೈನಲ್ಲಿ. 2025ರಲ್ಲಿ 78 ಆದರೆ ಸಾಕು ಅಂದರು. ಪಾಸಾಗದಿದ್ದರೆ ಪಾಸ್ ಮಾರ್ಕ್ಸೇ ಇಳಿಸೋದು! ನಮ್ಮ ಮೇಷ್ಟ್ರು ಯಾರೂ ಇಷ್ಟು ಒಳ್ಳೆಯವರಾಗಿರಲಿಲ್ಲ.

ಅಜ್ಜಿಗೆ ಸೊಂಟದ ಆಪರೇಷನ್ ಆಯಿತು. ಹಾಸಿಗೆ ಹಿಂದಿನ ಬೋರ್ಡಿಗೆ ಹಸಿರು ಮ್ಯಾಗ್ನೆಟ್ ಅಂಟಿಸಿದರು, ಅಂದರೆ ಮನೆಗೆ ಹೋಗಬಹುದು. ಆದರೆ ಬೆಳಿಗ್ಗೆ ಸಂಜೆ ಮನೆಗೆ ಬಂದು ನೋಡಿಕೊಳ್ಳೋ ಕೇರರ್ ಸಿಗಲಿಲ್ಲ. ಮೂರು ವಾರ ಆ ಮ್ಯಾಗ್ನೆಟ್ ಅಲ್ಲೇ ಇತ್ತು, ಅಜ್ಜಿಯೂ ಅಲ್ಲೇ. ಅವತ್ತು ಹಾಸಿಗೆ ಖಾಲಿಯಿಲ್ಲದೆ ನಮ್ಮನ್ನು ಒಂಬತ್ತನೇ ಗಾಡಿಯಲ್ಲಿ ಕಾಯಿಸಿದ್ದು ಇಂಥದ್ದೇ ಇನ್ನೊಬ್ಬ ಅಜ್ಜಿಯ ಮ್ಯಾಗ್ನೆಟ್ ಅಲ್ವಾ?

ಯಾರನ್ನು ಕೇಳೋದು? ಮಂತ್ರಿಗಳು, ಕೇರರ್ ಕೊಡಿಸಬೇಕಾದ ಸ್ಥಳೀಯ ಕೌನ್ಸಿಲ್ ಕಡೆ ಕೈ ತೋರಿಸುತ್ತಾರೆ, ಕೌನ್ಸಿಲ್ ಖಾಲಿ ಜೇಬು ತೋರಿಸುತ್ತದೆ. 2004ರಲ್ಲಿ ಒಂದು ಕಾನೂನು ಜಾರಿಗೆ ಬಂತು: ಕೌನ್ಸಿಲ್ ತಡಮಾಡಿ ರೋಗಿ ಆಸ್ಪತ್ರೆಯಲ್ಲೇ ಉಳಿದರೆ ದಿನಕ್ಕೆ 100 ಪೌಂಡ್ ದಂಡ ಅಂತಿತ್ತು. ಸರಿ, ಸರ್ಕಾರವೇ ತಡಮಾಡಿದರೆ? 2011ರಲ್ಲಿ ಸರ್ಕಾರವೇ ನೇಮಿಸಿದ ಡಿಲ್ನಾಟ್ ಆಯೋಗ, ಜನ ಕೇರ್‌ಗೆ ತಮ್ಮ ಕೈಯಿಂದ ಹಾಕೋ ಖರ್ಚಿಗೆ ಮಿತಿ ಹಾಕಿ ಅಂದಿತು. 2016ಕ್ಕೆ ಅಂದರು, 2020ಕ್ಕೆ ಅಂದರು, ಕೈಬಿಟ್ಟರು. ಬೋರಿಸ್ ಜಾನ್ಸನ್ ಬಂದು 86,000 ಪೌಂಡ್ ಮಿತಿ, 2023ಕ್ಕೆ ಅಂದರು. ಅದು 2025ಕ್ಕೆ ಹೋಯಿತು. 2024ರ ಜುಲೈನಲ್ಲಿ ಲೇಬರ್ ಸರ್ಕಾರ ಬಂದು ಅದನ್ನೂ ರದ್ದು ಮಾಡಿತು. ಈಗ ಕೇರ್ ವ್ಯವಸ್ಥೆ ಸುಧಾರಿಸೋದು ಹೇಗೆ ಅಂತ ನೋಡೋಕೆ ಕೇಸಿ ಆಯೋಗ, ಅಂತಿಮ ವರದಿ 2028ಕ್ಕೆ. ಇಲ್ಲೂ ಅದೇ ಟ್ರಾಲಿ ಲೆಕ್ಕ ನೋಡಿ. ಹೊಸ ಸರ್ಕಾರ ಬಂದಾಗಲೆಲ್ಲ ಗಡಿಯಾರ ಸೊನ್ನೆಯಿಂದ ಶುರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಎರಡು ನಿಮಿಷವಂತೆ. ಈ ದೇಶದಲ್ಲಿ ಸರಿಯಾಗಿ ಓಡೋ ಗಡಿಯಾರ ಇದೊಂದೇ ಇರಬೇಕು.

ಕೇರರ್‌ಗಳ ಸಂಬಳ, 2025ರ ಜುಲೈನಲ್ಲಿ ಹೊರದೇಶದಿಂದ ಬರೋ ಕೇರ್ ವರ್ಕರ್‌ಗಳಿಗೆ ವೀಸಾ ಬಾಗಿಲು ಮುಚ್ಚಿದ್ದು, ಇದೆಲ್ಲ ಬರೆದುಕೊಂಡು ಬಂದಿದ್ದೆ. ಆಗಲ್ಲ ಬಿಡಿ. ನಿಮ್ಮ ಎಂಪಿಗೆ ಪತ್ರ ಬರೆದರೆ ಎಷ್ಟು ಕೋಟಿ ಕೊಟ್ಟಿರಿ ಅಂತ ಕೇಳಬೇಡಿ, ಅದಕ್ಕೆ ಉತ್ತರ ಪ್ರಿಂಟ್ ಮಾಡಿಟ್ಟಿರುತ್ತಾರೆ. ಗಡಿಯಾರ ಯಾವಾಗಿನಿಂದ ಶುರು ಮಾಡಿದಿರಿ ಅಂತ ಕೇಳಿ. ಉತ್ತರ ಬಂದರೆ ನನಗೂ ಒಂದು ಕಾಪಿ ಕಳಿಸಿ.