ಒಂದು ಆಫ್ ಬಟನ್, 43 ಜನ: ನಿಮ್ಮ ಸ್ಕ್ರೀನ್ ಯಾಕೆ ಹೀಗಿದೆ?

[ಸ್ಕ್ರೀನ್: ವಿಂಡೋಸ್ 11 ಸೆಟ್ಟಿಂಗ್ಸ್. ಸೌಂಡ್ ಒತ್ತಿ, ಕೆಳಗೆ ಸ್ಕ್ರೋಲ್ ಮಾಡಿ, ‘ಮೋರ್ ಸೌಂಡ್ ಸೆಟ್ಟಿಂಗ್ಸ್’ ಮೇಲೆ ಕ್ಲಿಕ್]

ನೋಡಿದ್ರಾ? ಇಲ್ಲಿವರೆಗೆ ದುಂಡು ಮೂಲೆ, ಹೊಸ ಐಕಾನ್, ಎಲ್ಲಾ ಜಗಮಗ. ಇನ್ನೊಂದು ಕ್ಲಿಕ್ ಮಾಡಿದ್ದೇ ತಡ, ಹಳೇ ವಿಂಡೋಸ್ ಕಾಲದ ಪುಟ್ಟ ಡಬ್ಬಿ ಒಂದು ಎದ್ದು ಬಂತು. 2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್‌ನವರು ಹಳೇ ಕಂಟ್ರೋಲ್ ಪ್ಯಾನೆಲ್ ಪಕ್ಕದಲ್ಲೇ ಇನ್ನೊಂದು ಸೆಟ್ಟಿಂಗ್ಸ್ ತಂದಿಟ್ಟರು. ಅವತ್ತಿನಿಂದ ಎರಡೂ ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ.

ನಮಸ್ಕಾರ. ನಮ್ಮ ಚಾನೆಲ್ ನೋಡುವವರೊಬ್ಬರು ಕೇಳಿದ್ದರು: “ಸರ್, ಅಷ್ಟು ದುಡ್ಡಿರೋ ಕಂಪನಿ, ಅಷ್ಟು ಬುದ್ಧಿವಂತ ಇಂಜಿನಿಯರ್‌ಗಳು, ಆದರೂ ಒಂದೇ ಕೆಲಸಕ್ಕೆ ಎರಡು ಜಾಗ ಯಾಕೆ? ಯಾರೂ ನೋಡೋದೇ ಇಲ್ವಾ?”

ನೋಡುತ್ತಾರೆ. ಬೇಕಾದಷ್ಟು ಜನ ನೋಡುತ್ತಾರೆ. ತೊಂದರೆ ಇರೋದೇ ಅಲ್ಲಿ.

ಟೀಮ್ ಅಂದರೇನು, ಮ್ಯಾನೇಜರ್ ಅಂದರೇನು, ಸ್ಪ್ರಿಂಟ್ ಅಂದರೇನು ಅಂತ ನಾನು ಇಲ್ಲಿ ಹೇಳುತ್ತಾ ಕೂರುವುದಿಲ್ಲ. ರಾತ್ರಿ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಸರಿಯಾಗಿ “ಒಂದು ಕಾಲ್ ಇದೆ” ಅಂತ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವವರು ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಕೇಳಿ. ನಾನು ಸೀದಾ ನನಗೆ ಇಷ್ಟವಾದ ಕಥೆಗೆ ಹೋಗುತ್ತೇನೆ.

[ಸ್ಕ್ರೀನ್: ವಿಂಡೋಸ್ ವಿಸ್ಟಾ ಸ್ಟಾರ್ಟ್ ಮೆನು, ಬಲಗಡೆ ಕೆಳಮೂಲೆಗೆ ಜೂಮ್]

ವಿಸ್ಟಾ ನೆನಪಿದೆಯಾ? ನೆನಪಿಲ್ಲದಿದ್ದರೆ ನೀವು ಪುಣ್ಯವಂತರು. ಮನೆ ಕಂಪ್ಯೂಟರುಗಳಿಗೆ ಅದು ಬಂದಿದ್ದು 2007ರ ಜನವರಿಯಲ್ಲಿ. ಈ ಮೂಲೆ ನೋಡಿ. ಒಂದು ಪವರ್ ಐಕಾನ್, ಒಂದು ಬೀಗದ ಐಕಾನ್, ಪಕ್ಕದಲ್ಲೊಂದು ಬಾಣ. ಬಾಣ ಒತ್ತಿದರೆ ಸ್ವಿಚ್ ಯೂಸರ್, ಲಾಗ್ ಆಫ್, ಲಾಕ್, ರೀಸ್ಟಾರ್ಟ್, ಸ್ಲೀಪ್, ಹೈಬರ್ನೇಟ್, ಶಟ್ ಡೌನ್. ಏಳು ಸಾಲು, ಎರಡು ಐಕಾನ್. ಕೆಲಸ ಮುಗಿಸಿ ಎದ್ದು ಹೋಗುವುದಕ್ಕೆ ಒಂಬತ್ತು ದಾರಿ! ಮಜಾ ಏನು ಗೊತ್ತಾ? ಎದುರಿಗೇ ಕಾಣುವ ಆ ಪವರ್ ಐಕಾನ್ ಇದೆಯಲ್ಲ, ಅದನ್ನು ಒತ್ತಿದರೆ ಸಾಮಾನ್ಯವಾಗಿ ಕಂಪ್ಯೂಟರ್ ಆಫ್ ಆಗುತ್ತಲೇ ಇರಲಿಲ್ಲ. ನಿದ್ದೆಗೆ ಹೋಗುತ್ತಿತ್ತು. ಆಫ್ ಮಾಡಿದೆ ಅಂದುಕೊಂಡು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದವರೆಷ್ಟೋ.

ಜೋಯಲ್ ಸ್ಪೋಲ್ಸ್ಕಿ ಅನ್ನುವ ಸಾಫ್ಟ್‌ವೇರ್ ಬರಹಗಾರ 2006ರ ನವೆಂಬರ್‌ನಲ್ಲಿ ಈ ಮೆನು ಹಿಡಿದು ಚೆನ್ನಾಗಿ ಝಾಡಿಸಿದ. ಅದಾದ ಕೆಲವೇ ದಿನಗಳಲ್ಲಿ ಮೊಯಿಶೆ ಲೆಟ್ವಿನ್ ಅನ್ನುವ ಇಂಜಿನಿಯರ್ ಬರೆದ: ಆ ಮೆನು ಮೇಲೆ ಕೆಲಸ ಮಾಡಿದ್ದು ನಾನೇ. ಅಷ್ಟರಲ್ಲಿ ಆತ ಮೈಕ್ರೋಸಾಫ್ಟ್ ಬಿಟ್ಟಿದ್ದ, ಹಾಗಾಗಿ ಮನಸ್ಸು ಬಿಚ್ಚಿ ಬರೆದ.

ಅವನು ಕೊಟ್ಟ ಲೆಕ್ಕ ಕೇಳಿ, ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ವಿಡಿಯೋ ಮಾಡುತ್ತಿರುವುದೇ ಈ ಲೆಕ್ಕಕ್ಕೋಸ್ಕರ. ಅವನ ಟೀಮಿನಲ್ಲಿ ಈ ಮೆನು ಬಗ್ಗೆ ಮೀಟಿಂಗಿಗೆ ಬರುತ್ತಿದ್ದವರು: ಒಬ್ಬ ಪ್ರೋಗ್ರಾಮ್ ಮ್ಯಾನೇಜರ್, ಒಬ್ಬ ಡೆವಲಪರ್, ಅವನ ಮೇಲೊಬ್ಬ ಡೆವಲಪರ್ ಲೀಡ್, ಇಬ್ಬರು ಟೆಸ್ಟರ್, ಅವರ ಮೇಲೊಬ್ಬ ಟೆಸ್ಟ್ ಲೀಡ್, ಒಬ್ಬ ಡಿಸೈನರ್, ಇನ್ನೊಬ್ಬರು ಯೂಸರ್ ಎಕ್ಸ್‌ಪೀರಿಯನ್ಸ್ ತಜ್ಞರು. ಎಂಟು ಜನ. ಕೋಡ್ ಬರೆಯುವವನು ಒಬ್ಬ, ಇದನ್ನು ಗಮನಿಸಿ. ವಾರಕ್ಕೊಂದು ಮೀಟಿಂಗ್, ವರ್ಷಪೂರ್ತಿ.

ಮುಗೀತಾ? ಇಲ್ಲ. ಸ್ಟಾರ್ಟ್ ಮೆನು ಶೆಲ್ ಟೀಮಿನ, ಅಂದರೆ ಕಣ್ಣಿಗೆ ಕಾಣುವ ಭಾಗ ನೋಡಿಕೊಳ್ಳುವವರ ಆಸ್ತಿ. ನಿಜವಾಗಿ ಮಲಗಿಸುವುದು, ಆಫ್ ಮಾಡುವುದು ವಿಂಡೋಸ್‌ನ ಒಳತಿರುಳು ನೋಡಿಕೊಳ್ಳುವ ಕರ್ನಲ್ ಟೀಮಿನ ಕೆಲಸ. ಲೆಟ್ವಿನ್‌ದು ಲ್ಯಾಪ್‌ಟಾಪ್ ನೋಡಿಕೊಳ್ಳುವ ಟೀಮ್. ಆ ಎರಡು ಟೀಮಿನಲ್ಲೂ ಹೆಚ್ಚುಕಮ್ಮಿ ಅಷ್ಟಷ್ಟೇ ಜನ ಅಂದುಕೊಂಡರೆ 24. ಈ ಮೂರೂ ಟೀಮಿಗೆ ಸೇರಿ ಒಬ್ಬನೇ ಬಾಸ್ ಸಿಗಬೇಕೆಂದರೆ ಮೇಲೆ ಆರು ಮೆಟ್ಟಿಲು ಹತ್ತಬೇಕಿತ್ತು. ಆ ಮೆಟ್ಟಿಲುಗಳ ಮೇಲೆ ಕೂತ, ಟೀಮಿಗೆ ಆರರಂತೆ 18 ಮ್ಯಾನೇಜರುಗಳನ್ನೂ, ತುದಿಯಲ್ಲಿದ್ದ ಆ ಒಬ್ಬರನ್ನೂ ಸೇರಿಸಿದರೆ 43.

ಒಂದು ಆಫ್ ಮೆನುಗೆ, 43 ಜನ. ಕೋಡಿಗೆ ಹತ್ತಿರವಿದ್ದ 24 ಜನರಲ್ಲಿ “ಆಯ್ತು, ಹೀಗೇ ಇರಲಿ” ಅಂತ ಕೊನೆ ಮಾತು ಹೇಳುವ ಅಧಿಕಾರ ಎಷ್ಟು ಜನಕ್ಕಿತ್ತು? ಸೊನ್ನೆ. ಒಂದು ವರ್ಷದಲ್ಲಿ ಆತ ಬರೆದ ಕೋಡ್ ಒಟ್ಟು ಇನ್ನೂರು ಸಾಲಿನ ಆಸುಪಾಸು. ಒಂದು ಟೀಮ್ ಬರೆದದ್ದು ಇನ್ನೊಂದು ಟೀಮಿನ ಕಂಪ್ಯೂಟರಿಗೆ ಬಂದು ಸೇರುವುದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತಿತ್ತಂತೆ. ಮೂರು ತಿಂಗಳು! ಅಷ್ಟರಲ್ಲಿ ರಾಗಿ ಬಿತ್ತಿ ತೆನೆ ನೋಡಬಹುದು.

ಹಾಗಾದರೆ ಆ ಒಂಬತ್ತು ಆಯ್ಕೆ ಬಂದಿದ್ದು ಹೇಗೆ? ಪ್ರತಿಯೊಂದು ಸಾಲಿನ ಹಿಂದೆ ಯಾರೋ ಒಬ್ಬರು ಮೀಟಿಂಗಿನಲ್ಲಿ ಕೈ ಎತ್ತಿರುತ್ತಾರೆ. ಬೇಡ ಅನ್ನುವುದಕ್ಕೆ ಯಾರಿಗೂ ಹಕ್ಕಿಲ್ಲ. ಬೇಡ ಅನ್ನಲಾಗದ ಮನೆಯಲ್ಲಿ ಎಲ್ಲವೂ ಬೇಕೇ ಆಗುತ್ತದೆ, ಅಲ್ವಾ?

[ಸ್ಕ್ರೀನ್: 1968]

ಇದು ವಿಸ್ಟಾ ಒಂದರ ಹಣೆಬರಹ ಅಂದುಕೊಳ್ಳಬೇಡಿ. ಮೆಲ್ವಿನ್ ಕಾನ್ವೇ ಅನ್ನುವ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1967ರಲ್ಲೇ ಒಂದು ಲೇಖನ ಬರೆದ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಅದನ್ನು “ಸಾಬೀತು ಮಾಡಿಲ್ಲ” ಅಂತ ವಾಪಸ್ ಕಳಿಸಿತು. 1968ರ ಏಪ್ರಿಲ್‌ನಲ್ಲಿ ಡೇಟಾಮೇಷನ್ ಪತ್ರಿಕೆ ಛಾಪಿಸಿತು. ಅವನು ಹೇಳಿದ್ದಿಷ್ಟೇ: ಒಂದು ಸಂಸ್ಥೆಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೋ, ಆ ಸಂಸ್ಥೆ ಕಟ್ಟಿದ ಸಿಸ್ಟಮ್ ಕೂಡ ಅದೇ ಆಕಾರಕ್ಕೆ ಬರುತ್ತದೆ. ಐಬಿಎಂನಲ್ಲಿ ಕೆಲಸ ಮಾಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಇದಕ್ಕೆ ಕಾನ್ವೇ ನಿಯಮ ಅಂತ ಹೆಸರಿಟ್ಟರು.

ಆ ಲೇಖನದಲ್ಲಿ ಒಂದು ಉದಾಹರಣೆ ಇದೆ, ಓದಿ ನನಗೆ ನಗು ತಡೆಯಲಾಗಲಿಲ್ಲ. ಒಂದು ಸಂಸ್ಥೆಗೆ ಎರಡು ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್, ಕಟ್ಟುವ ಕೆಲಸ, ಒಂದು ಕೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ, ಇನ್ನೊಂದು ಆಲ್ಗಾಲ್ ಅನ್ನುವುದಕ್ಕೆ. ಜನ ಎಂಟು. ಕಷ್ಟ ಎಷ್ಟಿದೆ, ಸಮಯ ಎಷ್ಟು ಬೇಕು ಅಂತ ಅಂದಾಜು ಮಾಡಿ ಐವರನ್ನು ಕೋಬಾಲ್‌ಗೆ ಹಾಕಿದರು, ಮೂವರನ್ನು ಆಲ್ಗಾಲ್‌ಗೆ. ಕೊನೆಗೆ ಕೋಬಾಲ್ ಕಂಪೈಲರ್ ಐದು ಹಂತದಲ್ಲಿ ಓಡಿತು. ಆಲ್ಗಾಲ್‌ದು ಮೂರು. ತಲೆಗೊಂದು ಹಂತ! ನಾಲ್ಕು ಜನ ಇದ್ದಿದ್ದರೆ ನಾಲ್ಕು ಆಗಿರುತ್ತಿತ್ತೇನೋ.

ನಮ್ಮ ಕಡೆ ಪಾಲಾದ ಮನೆ ನೋಡಿರುತ್ತೀರಿ. ಅಣ್ಣ ತಮ್ಮಂದಿರು ಬೇರೆಯಾದರು, ಹಜಾರದ ನಟ್ಟನಡುವೆ ಗೋಡೆ ಎದ್ದಿತು. ಚೆಂದದ ಮರದ ಕಂಬ ಅರ್ಧ ಆ ಕಡೆ, ಅರ್ಧ ಈ ಕಡೆ, ಗೋಡೆಯೊಳಗೆ ಹೂತಿದೆ. ಅಟ್ಟ ಅಣ್ಣನಿಗೆ, ಅಟ್ಟದ ಏಣಿ ತಮ್ಮನಿಗೆ. ಬಾವಿ ಇಬ್ಬರಿಗೂ ಸೇರಿದ್ದು, ಆದ್ದರಿಂದ ರಾಟೆ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ. ಹೊಸದಾಗಿ ಬಂದ ನೆಂಟರು “ಇದೇನ್ರೀ ಇಷ್ಟು ವಿಚಿತ್ರವಾಗಿ ಕಟ್ಟಿದ್ದಾನೆ” ಅಂತ ಮೇಸ್ತ್ರಿಯನ್ನು ಬೈದರೆ ಹೇಗೆ? ಅವನು ಪಾಲುಪಟ್ಟಿ ನೋಡಿ ಗೋಡೆ ಎಬ್ಬಿಸಿದ, ಅಷ್ಟೇ. ನಾವೂ ಆ್ಯಪ್ ಕೆಟ್ಟದಾಗಿದ್ದರೆ ಡೆವಲಪರ್‌ನ ಬೈಯುತ್ತೇವೆ. ಪಾಲುಪಟ್ಟಿ ಯಾರೂ ಕೇಳುವುದಿಲ್ಲ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ, ಹೆಸರು ಬೇಡ, ನಮ್ಮದೇ ಆ್ಯಪಿನ ಒಂದು ಪೇಜು ಲೋಡ್ ಆಗುವಾಗ ‘ಸ್ವಲ್ಪ ತಾಳಿ’ ಅನ್ನುವ ಎರಡು ಚಕ್ರ ತಿರುಗುತ್ತಿದ್ದವು. ಮೇಲೊಂದು ನೀಲಿ, ಕೆಳಗೊಂದು ಹಸಿರು. ನೀಲಿ ನಿಂತ ಮೇಲೂ ಹಸಿರು ತಿರುಗುತ್ತಲೇ ಇರುತ್ತಿತ್ತು. ಮೇಲಿನರ್ಧ ನಮ್ಮದು, ಕೆಳಗಿನರ್ಧ ಪಕ್ಕದ ಟೀಮಿನದು. ಒಂದು ಚಕ್ರ ತೆಗೆಯೋಣ ಅಂತ ಟಿಕೆಟ್, ಅಂದರೆ ರಿಪೇರಿ ಕೋರಿಕೆ, ಹಾಕಿದೆವು. ಅದು ಅವರ ಕೆಲಸದ ಪಟ್ಟಿಗೆ ಹೋಯಿತು, “ನಮ್ಮ ಕಾಂಪೊನೆಂಟ್ ಅಲ್ಲ” ಅಂತ ವಾಪಸ್ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಇಬ್ಬರೂ ಕೂತಿದ್ದು ಒಂದೇ ಫ್ಲೋರಿನಲ್ಲಿ, ಕಾಫಿ ಮಷೀನ್ ಕೂಡ ಒಂದೇ. ಆದರೆ ಮ್ಯಾನೇಜರುಗಳು ಬೇರೆ, ಅವರ ವರ್ಷದ ಗುರಿ ಬೇರೆ, ಆ ಗುರಿಗಳಲ್ಲಿ ಚಕ್ರದ ಸುದ್ದಿ ಎಲ್ಲೂ ಇರಲಿಲ್ಲ. ನಾನು ಬಿಡುವಾಗಲೂ ಎರಡೂ ತಿರುಗುತ್ತಿದ್ದವು.

[ಸ್ಕ್ರೀನ್: ಕ್ಯಾಂಟೀನ್ ಚಿತ್ರ, ನಗುವ ಎಮೋಜಿ ಬೇಡ]

ಕಾಫಿ ಮಷೀನ್ ಅಂದೆನಲ್ಲ, ಅದಕ್ಕೆ ಒಂದು ಸಂಶೋಧನೆಯೇ ಇದೆ. ಮೈಕ್ರೋಸಾಫ್ಟ್‌ನ ಸಂಶೋಧಕರೇ ವಿಸ್ಟಾವನ್ನು ಬಿಚ್ಚಿ ನೋಡಿದರು. 2008ರಲ್ಲಿ ಬಂದ ಮೊದಲ ಅಧ್ಯಯನ: ವಿಸ್ಟಾದ ಯಾವ ಭಾಗ ಮುಂದೆ ಕೈ ಕೊಡುತ್ತದೆ ಅಂತ ಮೊದಲೇ ಹೇಳಬೇಕಾದರೆ ಏನು ನೋಡಬೇಕು? ಕೋಡ್ ಎಷ್ಟು ಜಟಿಲ, ಎಷ್ಟು ಸಲ ಬದಲಾಯಿತು, ಎಷ್ಟು ಟೆಸ್ಟ್ ಆಯಿತು ಇವೆಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಸಂಸ್ಥೆಯ ಲೆಕ್ಕ. ಅದನ್ನು ಎಷ್ಟು ಜನ ಮುಟ್ಟಿದರು, ಮುಟ್ಟಿದವರಲ್ಲಿ ಎಷ್ಟು ಜನ ಕೆಲಸ ಬಿಟ್ಟರು, ಅವರೆಲ್ಲ ಎಷ್ಟು ಬೇರೆ ಬೇರೆ ಬಾಸುಗಳ ಕೆಳಗೆ ಹರಡಿದ್ದರು, ಇಂಥವು. ಅಂದರೆ ಕೋಡ್ ತೆರೆಯದೇ, ಆಫೀಸಿನ ಚಾರ್ಟ್ ನೋಡಿ ಜ್ಯೋತಿಷ್ಯ ಹೇಳಬಹುದು. ಈ ಜ್ಯೋತಿಷ್ಯ ನಿಜವಾಗುತ್ತದೆ ಅನ್ನುವುದೊಂದೇ ವ್ಯತ್ಯಾಸ.

2009ರಲ್ಲಿ ಇನ್ನೊಂದು. ಬೇರೆ ಬೇರೆ ಊರು, ದೇಶದಲ್ಲಿ ಕೂತು ಬರೆದ ಸಾಫ್ಟ್‌ವೇರ್ ಕಳಪೆಯಾಗುತ್ತದಾ? ದೂರವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದರು. ಒಂದೇ ಕಟ್ಟಡ, ಆಮೇಲೆ ಒಂದೇ ಕೆಫೆಟೇರಿಯಾ, ಆಮೇಲೆ ಕ್ಯಾಂಪಸ್, ಊರು, ಖಂಡ, ಪ್ರಪಂಚ. ಹೌದು, ಕೆಫೆಟೇರಿಯಾ ಅನ್ನುವುದು ಒಂದು ಅಳತೆ! ಒಟ್ಟಿಗೆ ಊಟ ಮಾಡುವವರು ಒಟ್ಟಿಗೆ ಮಾತಾಡುತ್ತಾರೆ ಅಂತ. ನನಗೆ ಈ ಸಂಶೋಧಕರ ಮೇಲೆ ಪ್ರೀತಿ ಉಕ್ಕಿದ್ದು ಇಲ್ಲೇ. ಫಲಿತಾಂಶ? ದೂರದಿಂದ ಆದ ವ್ಯತ್ಯಾಸ ತೀರಾ ಸಣ್ಣದು.

ಬೆಂಗಳೂರಿನ ಟೀಮಿನಲ್ಲಿ ಕೂತು “ಆಫ್‌ಶೋರ್‌ನವರು ಮಾಡಿದ್ದು, ಅದಕ್ಕೇ ಹೀಗೆ” ಅನ್ನುವ ಮಾತು ಕೇಳಿಸಿಕೊಂಡವರೆಲ್ಲ ಇದನ್ನು ಎದೆಗೆ ಅಂಟಿಸಿಕೊಂಡು ಓಡಾಡಬಹುದು. ಮೈಕ್ರೋಸಾಫ್ಟ್ ಇರುವ ಸಿಯಾಟಲ್ ಕಡೆಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ, ಒಪ್ಪುತ್ತೇನೆ, ರಾತ್ರಿ ಒಂಬತ್ತೂವರೆಯ ಕಾಲ್ ಯಾರಿಗೂ ಇಷ್ಟವಿಲ್ಲ. ಆದರೆ ಒಬ್ಬನೇ ಮ್ಯಾನೇಜರ್ ಇರುವ ಎರಡು ಊರಿನ ಟೀಮ್, ಇಬ್ಬರು ಮುನಿಸಿಕೊಂಡ ಮ್ಯಾನೇಜರುಗಳಿರುವ ಒಂದೇ ಫ್ಲೋರಿನ ಟೀಮಿಗಿಂತ ಎಷ್ಟೋ ಮೇಲು. ಈ ವಾಕ್ಯ ಮಾತ್ರ ಸಂಶೋಧನೆಯದ್ದಲ್ಲ, ನನ್ನ ಸ್ವಂತದ್ದು, ಬೈಯುವವರು ನನ್ನನ್ನೇ ಬೈಯಿರಿ.

ಎಡಿಟರ್ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ, ಬೇರೆ ಕಂಪನಿಗಳ ಇಂಥದ್ದೇ ಕಥೆಗಳನ್ನು ಓಡಿಸುತ್ತೇನೆ.

ಗೂಗಲ್‌ನ ಮೆಸೇಜ್ ಆ್ಯಪ್‌ಗಳು: 2005ರಲ್ಲಿ ಟಾಕ್, 2013ರಲ್ಲಿ ಹ್ಯಾಂಗ್‌ಔಟ್ಸ್, 2016ರಲ್ಲಿ ಒಟ್ಟಿಗೆ ಎರಡು, ಅಲೋ ಮತ್ತು ಡುಯೋ. 2019ರಲ್ಲಿ ಅಲೋ ಮುಚ್ಚಿತು, 2022ರಲ್ಲಿ ಡುಯೋ ಹೋಗಿ ಮೀಟ್ ಒಳಗೆ ಸೇರಿಕೊಂಡಿತು, ಅದೇ ವರ್ಷ ಹ್ಯಾಂಗ್‌ಔಟ್ಸ್ ಕಥೆಯೂ ಮುಗಿಯಿತು. ಅಷ್ಟೊತ್ತಿಗೆ ನಮ್ಮ ಅಜ್ಜಿ ಕೂಡ ವಾಟ್ಸ್ಆ್ಯಪ್‌ನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಕಳಿಸುತ್ತಿದ್ದರು.

ಸೋನಿ ಇನ್ನೂ ಬೇಜಾರಿನ ಕಥೆ. 1999ರಲ್ಲಿ ಲಾಸ್ ವೇಗಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಒಂದೇ ಕಂಪನಿ ಎರಡು ಡಿಜಿಟಲ್ ಮ್ಯೂಸಿಕ್ ಪ್ಲೇಯರ್ ತೋರಿಸಿತು. ಒಂದು ಮೆಮೊರಿ ಸ್ಟಿಕ್ ವಾಕ್‌ಮನ್, ಇನ್ನೊಂದು ವಾಯೋ ಮ್ಯೂಸಿಕ್ ಕ್ಲಿಪ್. ಬೇರೆ ಬೇರೆ ವಿಭಾಗ, ಬೇರೆ ಬೇರೆ ಹೆಮ್ಮೆ. ಸ್ವಂತ ಮ್ಯೂಸಿಕ್ ಕಂಪನಿ ಕೂಡ ಇತ್ತು. ಎರಡು ವರ್ಷಕ್ಕೆ, 2001ರಲ್ಲಿ, ಐಪಾಡ್ ಬಂತು. ಆಪಲ್‌ನಲ್ಲಿ ಸ್ಟೀವ್ ಜಾಬ್ಸ್ 1997ರಲ್ಲಿ ವಾಪಸ್ ಬಂದವರೇ ವಿಭಾಗಕ್ಕೊಬ್ಬ ಯಜಮಾನ ಅನ್ನುವ ಪದ್ಧತಿ ಕಿತ್ತು ಹಾಕಿ, ಇಡೀ ಕಂಪನಿಗೆ ಲಾಭ ನಷ್ಟದ ಒಂದೇ ಖಾತೆ ಮಾಡಿದ್ದರು.

ಹಾಗಂತ ಆಪಲ್‌ಗೆ ಆರತಿ ಎತ್ತುತ್ತಿಲ್ಲ. ‘ಬೇಡ’ ಅನ್ನುವವರು ಗಟ್ಟಿಯಾಗಿದ್ದರೆ ಅದಕ್ಕೂ ಬೆಲೆ ಇದೆ. ಐಪ್ಯಾಡ್ ಬಂದಿದ್ದು 2010ರಲ್ಲಿ. ಅದರಲ್ಲಿ ಕ್ಯಾಲ್ಕುಲೇಟರ್ ಬಂದಿದ್ದು 2024ರಲ್ಲಿ. ಹದಿನಾಲ್ಕು ವರ್ಷ! ತುಂಬಾ ಚೆನ್ನಾಗಿ ಮಾಡಲು ಆಗದಿದ್ದರೆ ಮಾಡುವುದೇ ಬೇಡ ಅನ್ನುವ ಧಾಟಿಯಲ್ಲಿ ಆಪಲ್‌ನ ಸಾಫ್ಟ್‌ವೇರ್ ವಿಭಾಗದ ಕ್ರೇಗ್ ಫೆಡರಿಗಿ ಸಮಜಾಯಿಷಿ ಕೊಟ್ಟಿದ್ದರು. ಕೂಡೋದು ಕಳೆಯೋದರಲ್ಲಿ ಅಷ್ಟು ಚೆನ್ನಾಗಿ ಮಾಡೋದಕ್ಕೆ ಏನಿದೆ ಸ್ವಾಮಿ? ಆದರೂ ನನ್ನ ಓಟು ಅವರಿಗೇ. ಇಲ್ಲದ ಕ್ಯಾಲ್ಕುಲೇಟರ್ ಬದಲು ಇನ್ನೊಂದು ಹಾಕಿಕೊಳ್ಳಬಹುದು, ಒಂಬತ್ತು ದಾರಿಯ ಮೆನುಗೆ ಮದ್ದಿಲ್ಲ.

ಅಮೆಜಾನ್‌ನ ಎರಡು ಪಿಜ್ಜಾ ಟೀಮ್, ಅಂದರೆ ಎರಡು ಪಿಜ್ಜಾದಲ್ಲಿ ಹೊಟ್ಟೆ ತುಂಬುವಷ್ಟೇ ಜನ ಇರಬೇಕು ಅನ್ನುವ ಲೆಕ್ಕ, ಅದರ ಬಗ್ಗೆಯೂ ಬರೆದುಕೊಂಡಿದ್ದೆ. ಸಮಯ ಇಲ್ಲ. ನಮ್ಮ ಹುಡುಗರಿಗೆ ಎರಡು ಪಿಜ್ಜಾ ಅಂದರೆ ಇಬ್ಬರ ಟೀಮ್ ಅಂತ ಮಾತ್ರ ಹೇಳಿ ಬಿಡುತ್ತೇನೆ.

ನಿಮ್ಮ ಆಫೀಸಿನಲ್ಲೂ ಇಂಥ ಎರಡು ಚಕ್ರ ಎಲ್ಲಾದರೂ ತಿರುಗುತ್ತಿದ್ದರೆ ಕೆಳಗೆ ಬರೆಯಿರಿ. ಕಂಪನಿ ಹೆಸರು ಹಾಕಬೇಡಿ. ನೋಟಿಸ್ ಪೀರಿಯಡ್‌ನಲ್ಲಿ ಇರುವವರೂ ಹಾಕಬೇಡಿ, ರಿಲೀವಿಂಗ್ ಲೆಟರ್ ಕೈಗೆ ಬರಲಿ.