ದಾಖಲೆಗೂ ಕಾಲು ಬರಲಿ

ಕೇಳುಗರಿಗೆ ನಮಸ್ಕಾರ. ಆಸ್ಪತ್ರೆಗೆ ಕ್ಲೌಡ್ ಯಾಕೆ ಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು. ರೋಗಿ ಎಲ್ಲಿದ್ದಾರೋ, ಅವರ ದಾಖಲೆ ಅಲ್ಲಿಗೆ ಬರಬೇಕು.

ಕ್ಲೌಡ್ ಅಂದರೆ ಏನೋ ಮಾಯೆಯಲ್ಲ. ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಸರ್ವರ್, ಅಂದರೆ ದಾಖಲೆ ಕೂಡಿಡುವ ಕಂಪ್ಯೂಟರ್, ಇಡುವ ಬದಲು, ದೂರದ ಡೇಟಾ ಸೆಂಟರ್‌ಗಳಲ್ಲಿ, ಅಂದರೆ ಅಂಥ ಕಂಪ್ಯೂಟರುಗಳೇ ತುಂಬಿರುವ ಕಟ್ಟಡಗಳಲ್ಲಿ, ಜಾಗ ಬಾಡಿಗೆಗೆ ಹಿಡಿದು ಇಂಟರ್ನೆಟ್ ಮೂಲಕ ಬಳಸುವುದು. ಅದೇ ಮಾಹಿತಿಯನ್ನು ಎರಡು ಮೂರು ಕಡೆ ಇಡಬಹುದು.

ಇದರಿಂದ ಏನು ಲಾಭ ಅಂತೀರಾ? 2005ರ ಆಗಸ್ಟ್ ಕೊನೆಗೆ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಡಿಯಿತು. ನ್ಯೂ ಆರ್ಲಿಯನ್ಸ್ ನಗರದ ಹೆಚ್ಚಿನ ಭಾಗ ಮುಳುಗಿತು. ಕಾಗದದ ಕೇಸ್ ಶೀಟ್‌ಗಳೂ ನೀರುಪಾಲಾದವು. ಜನ ಪಕ್ಕದ ಟೆಕ್ಸಾಸ್ ರಾಜ್ಯದ ಶಿಬಿರಗಳಿಗೆ ಬಂದರು. ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇದ್ದವರು. ಹೊಸ ಡಾಕ್ಟರು ಏನು ಮಾಡಬೇಕು? ಯಾವ ಮಾತ್ರೆ ಅಂತ ಕೇಳಿದರೆ ‘ಚಿಕ್ಕದು, ಬಿಳಿದು’ ಅನ್ನುವವರು ಎಲ್ಲ ಕಡೆಯೂ ಇದ್ದಾರೆ ಅಲ್ವಾ! ಆದರೆ ಮಾಜಿ ಸೈನಿಕರ ಆಸ್ಪತ್ರೆಯ ದಾಖಲೆ ಕಂಪ್ಯೂಟರಿನಲ್ಲಿತ್ತು. ಅದರ ನಕಲು ಇಟ್ಟಿದ್ದ ಬ್ಯಾಕಪ್ ಟೇಪ್‌ಗಳನ್ನು ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಒಯ್ದು, ಕೆಲವೇ ದಿನಗಳಲ್ಲಿ ಎಲ್ಲವನ್ನೂ ತೆರೆದರು. ಆ ರೋಗಿಗಳು ಯಾವ ಊರಿಗೆ ಹೋದರೂ ಅವರ ಔಷಧಿ, ಅಲರ್ಜಿ, ಹಳೇ ಟೆಸ್ಟುಗಳು ಅಲ್ಲಿನ ಡಾಕ್ಟರಿಗೆ ಸಿಕ್ಕವು. ಗಮನಿಸಿ, ಅಮೆಜಾನ್ ತನ್ನ ಕ್ಲೌಡ್ ಶೇಖರಣೆ ಶುರುಮಾಡಿದ್ದು ಮರುವರ್ಷ, 2006ರಲ್ಲಿ. ಟೇಪ್ ಹೊತ್ತೇ ಅಷ್ಟು ಸಾಧ್ಯವಾಯಿತು. ಈಗ ಹೊರುವ ಕೆಲಸವೇ ಇಲ್ಲ. ಆದರೂ ನಾವು ಫೈಲು ಕಟ್ಟಿ ಕಪಾಟು ತುಂಬುತ್ತಿದ್ದೇವೆ!

ಕಥೆಗೇ ಸಮಯ ಜಾಸ್ತಿ ಹೋಯಿತು. ಬೇಗ ಹೇಳುತ್ತೇನೆ. ಒಂದು ಸೀಟಿ ಸ್ಕ್ಯಾನ್‌ನಲ್ಲಿ ನೂರಾರು ಚಿತ್ರಗಳಿರುತ್ತವೆ. ಅದನ್ನು ಸೀಡಿಗೆ ಹಾಕಿ ಕೊಡುತ್ತಾರೆ. ಇವತ್ತಿನ ಲ್ಯಾಪ್‌ಟಾಪಿನಲ್ಲಿ ಸೀಡಿ ಹಾಕುವ ಜಾಗವೇ ಇರುವುದಿಲ್ಲ. ಕ್ಲೌಡಿನಲ್ಲಿದ್ದರೆ ಬೇರೆ ಊರಿನ ತಜ್ಞರು ನಡುರಾತ್ರಿಯಲ್ಲೂ ನೋಡಿ ವರದಿ ಬರೆಯುತ್ತಾರೆ.

ಕ್ಲೌಡಿನಲ್ಲಿಟ್ಟರೆ ಕಳ್ಳರು, ವೈರಸ್ ನುಗ್ಗುವ ಭಯವೇ? ‘ನಮ್ಮ ಕಟ್ಟಡದಲ್ಲೇ ಇದ್ದರೆ ಭದ್ರ’ ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಕಮ್ಮಿ, ಕ್ಷಮಿಸಿ. 2017ರಲ್ಲಿ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಬ್ರಿಟನ್ನಿನ ಆಸ್ಪತ್ರೆಗಳಿಗೆ ನುಗ್ಗಿತು. ಸಿಕ್ಕಿಬಿದ್ದದ್ದು ಅಪ್‌ಡೇಟ್ ಮಾಡದೆ ಬಿಟ್ಟಿದ್ದ, ಅವರದೇ ಕಟ್ಟಡದ ಕಂಪ್ಯೂಟರುಗಳು.

ಸಮಯ ಮುಗಿಯಿತು ಅಂತ ಸ್ಟುಡಿಯೋದ ಗಾಜಿನಾಚೆಯಿಂದ ಕೈ ಸನ್ನೆ ಬಂತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕೌಂಟರಿನಲ್ಲಿ ಇಷ್ಟು ಕೇಳಿ: ‘ನನ್ನ ದಾಖಲೆಯ ಇನ್ನೊಂದು ಪ್ರತಿ ಬೇರೆ ಊರಿನಲ್ಲಿದೆಯಾ? ನನ್ನ ಡಾಕ್ಟರು ಎಲ್ಲಿಂದಾದರೂ ನೋಡಬಹುದಾ?’ ಸುಮ್ನೆ ತಲೆಯಾಡಿಸಿದರೆ ಬಿಡಬೇಡಿ, ಮತ್ತೆ ಕೇಳಿ. ನಮಸ್ಕಾರ.